ಬಾಗಿಲು ಮುಚ್ಚಿದ್ದ ಹತ್ತೊಂಬತ್ತು ತಿಂಗಳು

2021ರ ಅಕ್ಟೋಬರ್ 25, ಸೋಮವಾರ. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿವರೆಗಿನ ಕೊಠಡಿಗಳ ಬೀಗ ತೆಗೆದ ದಿನ. ಹಲವು ಊರುಗಳಲ್ಲಿ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು, ಮಕ್ಕಳ ಕೈಗೆ ಹೂ ಕೊಟ್ಟು ಒಳಗೆ ಕರೆದುಕೊಂಡರು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಹಾಕಿದ ಬೀಗವನ್ನು ತೆಗೆಯಲು ಹತ್ತೊಂಬತ್ತು ತಿಂಗಳು ಬೇಕಾಗಿತ್ತು. ಅಂದು ಎರಡನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಕ್ಕಳು ಒಂದನೇ ತರಗತಿಯ ಕೋಣೆಯಲ್ಲಿ ಒಂದು ದಿನವೂ ಕೂತವರಲ್ಲ. ಹೆಸರು ಕೂಗಿದರೆ ಏನನ್ನಬೇಕು, ಸಾಲಿನಲ್ಲಿ ಹೇಗೆ ನಿಲ್ಲಬೇಕು, ಪಕ್ಕದವಳ ರಬ್ಬರು ತೆಗೆದುಕೊಂಡರೆ ವಾಪಸು ಕೊಡಬೇಕೋ ಬೇಡವೋ, ಎಲ್ಲವೂ ಹೊಸತು. ಗೇಟಿನ ಹತ್ತಿರ ಅಮ್ಮನ ಸೆರಗು ಬಿಡದೆ ಅತ್ತವರಲ್ಲಿ ಏಳು ವರ್ಷದವರೂ ಇದ್ದರು. ಪಾಠ ಎಷ್ಟು ಮರೆತಿದೆ ಎಂದು ತಿಳಿಯಲು ಸೇತುಬಂಧದ ಪ್ರಶ್ನೆಪತ್ರಿಕೆ ಇತ್ತು. ಮನಸ್ಸಿಗೆ ಏನಾಗಿದೆ ಎಂದು ಕೇಳಲು ಶಾಲೆಯ ಬಳಿ ಅಂಥದೊಂದು ಹಾಳೆ ಇರಲಿಲ್ಲ.

ಬೇರೆ ದೇಶಗಳಲ್ಲಿ ಈ ಪ್ರಶ್ನೆಯನ್ನು ಸಂಶೋಧಕರು ಬೇಗನೆ ಎತ್ತಿಕೊಂಡಿದ್ದರು. ಮೊದಲ ಉತ್ತರಗಳಲ್ಲೊಂದು ಬಂದದ್ದು ಸೋಂಕು ಶುರುವಾದ ಚೀನಾದ ಹುಬೇ ಪ್ರಾಂತ್ಯದಿಂದಲೇ. ವುಹಾನ್ ಮತ್ತು ಹುವಾಂಗ್‌ಗಾಂಗ್ ನಗರಗಳಲ್ಲಿ ಎರಡರಿಂದ ಆರನೇ ತರಗತಿಯ 1,784 ಮಕ್ಕಳನ್ನು, ಅವರು ಸರಾಸರಿ 34 ದಿನ ಮನೆಯೊಳಗೇ ಕಳೆದ ಮೇಲೆ, ಪ್ರಶ್ನಾವಳಿಯ ಮೂಲಕ ಮಾತನಾಡಿಸಿದರು. ಶೇ 22.6ರಷ್ಟು ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳು, ಶೇ 18.9ರಷ್ಟು ಮಕ್ಕಳಲ್ಲಿ ಆತಂಕದ ಲಕ್ಷಣಗಳು ಕಂಡವು. ಒಂದೇ ತಿಂಗಳ ಮಾತಿದು. ಇಂಗ್ಲೆಂಡಿನ ಆರೋಗ್ಯ ಸೇವೆ ನಡೆಸಿದ ಸಮೀಕ್ಷೆಯಲ್ಲಿ 2017ರಲ್ಲಿ ಐದರಿಂದ ಹದಿನಾರು ವರ್ಷದ ಒಂಬತ್ತು ಮಕ್ಕಳಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುವ ಸಂಭವ ಕಂಡಿತ್ತು. 2020ರ ಜುಲೈ ಹೊತ್ತಿಗೆ ಅದು ಆರರಲ್ಲಿ ಒಬ್ಬರಿಗೆ ಏರಿತು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರು ಹಲವು ದೇಶಗಳ 29 ಅಧ್ಯಯನಗಳನ್ನು, ಒಟ್ಟು 80,879 ಮಕ್ಕಳ ಮಾಹಿತಿಯನ್ನು, ಒಂದೆಡೆ ಇಟ್ಟು 2021ರಲ್ಲಿ ಪ್ರಕಟಿಸಿದರು. ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ, ಐವರಲ್ಲಿ ಒಬ್ಬರಿಗೆ ಆತಂಕದ ಗಮನಾರ್ಹ ಲಕ್ಷಣಗಳಿದ್ದವು. ಕೋವಿಡ್‌ಗೆ ಮುಂಚಿನ ಅಂದಾಜಿಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಎರಡು ಪಟ್ಟು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಪ್ರಶ್ನಾವಳಿಯಲ್ಲಿ ಲಕ್ಷಣ ಕಂಡಿತು ಎಂದರೆ ಕಾಯಿಲೆ ಬಂದಿದೆ ಎಂದೇನೂ ಅಲ್ಲ. ಗೆಳೆಯರಿಲ್ಲದ, ಆಟವಿಲ್ಲದ, ಊರಿಗೆ ಊರೇ ಹೆದರಿ ಕೂತ ಕಾಲದಲ್ಲಿ ಮಗು ಮಂಕಾದರೆ ಅದು ಮನಸ್ಸು ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತೂ ಹೌದು. ಮುಖ್ಯವಾದ ಪ್ರಶ್ನೆ, ಬಾಗಿಲು ತೆರೆದ ಮೇಲೆ ಆ ಮಂಕು ಹೋಯಿತೇ ಎಂಬುದು. ಹ್ಯಾಂಬರ್ಗ್‌ನ ಸಂಶೋಧಕರು ಜರ್ಮನಿಯ ಮಕ್ಕಳನ್ನು ಒಂದು ಸಲ ಕೇಳಿ ಬಿಡದೆ ಮತ್ತೆ ಮತ್ತೆ ಕೇಳಿದ್ದರಿಂದ ಇಲ್ಲಿ ಸ್ವಲ್ಪ ಬೆಳಕು ಬೀಳುತ್ತದೆ. ತಮ್ಮ ಬದುಕಿನ ಗುಣಮಟ್ಟ ಕಳಪೆ ಎಂದವರು ಪಿಡುಗಿಗೆ ಮುಂಚೆ ಶೇ 15. ಮೊದಲ ಲಾಕ್‌ಡೌನ್ ಹೊತ್ತಿಗೆ ಶೇ 40. ಎರಡನೆಯದಕ್ಕೆ ಶೇ 48. ನಿರ್ಬಂಧ ಸಡಿಲವಾದ ಮೇಲೆ ಅದು ಇಳಿಯಿತು, ಆದರೆ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ. ಇಂಗ್ಲೆಂಡಿನಲ್ಲಿ ಏರಿದ ಪ್ರಮಾಣ ಶಾಲೆಗಳು ತೆರೆದ ಮೇಲೂ ಏರಿದಲ್ಲೇ ನಿಂತಿತು. ಬಹುಪಾಲು ಮಕ್ಕಳು ಚೇತರಿಸಿಕೊಂಡರು, ಒಂದು ಪಾಲು ಮಕ್ಕಳು ಹಿಂದೆ ಉಳಿದರು ಎಂದು ಈ ಎರಡನ್ನೂ ಸೇರಿಸಿ ಓದಬಹುದು. ಹಿಂದೆ ಉಳಿದವರಲ್ಲಿ ಇಕ್ಕಟ್ಟಾದ ಮನೆಯವರು, ಕಡಿಮೆ ಓದಿದ ತಂದೆತಾಯಿಯ ಮಕ್ಕಳು ಹೆಚ್ಚು ಎಂಬುದನ್ನು ಜರ್ಮನಿಯ ಅಧ್ಯಯನ ಮೊದಲ ಸುತ್ತಿನಿಂದಲೇ ಹೇಳುತ್ತಾ ಬಂದಿತ್ತು.

ಇನ್ನೊಂದು ಸಂಗತಿ ಹಲವರಿಗೆ ಅಚ್ಚರಿ ತಂದಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರ ಬೇಸಿಗೆಯಲ್ಲಿ ಎಂಟರಿಂದ ಹದಿನೆಂಟು ವರ್ಷದ ಸುಮಾರು 17,000 ವಿದ್ಯಾರ್ಥಿಗಳನ್ನು ಕೇಳಿದಾಗ ಮೂವರಲ್ಲಿ ಒಬ್ಬರು ಲಾಕ್‌ಡೌನಿನಲ್ಲಿ ತಮ್ಮ ಮನಸ್ಸು ಮುಂಚಿಗಿಂತ ಹಗುರವಾಗಿದೆ ಎಂದರು. ಕಾಡಿಸುವವರ ಕಾಟ ತಪ್ಪಿತ್ತು, ಸಾಕಷ್ಟು ನಿದ್ದೆ ಸಿಗುತ್ತಿತ್ತು, ಮನೆಯವರ ಜೊತೆ ಹೊತ್ತು ಕಳೆಯಲು ಆಗುತ್ತಿತ್ತು. ಜಪಾನಿನಲ್ಲಿ ಆತ್ಮಹತ್ಯೆಗಳ ಸಂಖ್ಯೆ ಪಿಡುಗಿನ ಮೊದಲ ಐದು ತಿಂಗಳು ಶೇ 14ರಷ್ಟು ಇಳಿದು, 2020ರ ಜುಲೈನಿಂದ ಅಕ್ಟೋಬರ್‌ವರೆಗೆ ಮತ್ತೆ ಏರಿತು. ಆ ಏರಿಕೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ 49ರಷ್ಟಿತ್ತು. ಅದು ಶಾಲೆಗಳು ಮತ್ತೆ ತೆರೆದಿದ್ದ ಕಾಲ. ಶಾಲೆ ಎಲ್ಲ ಮಕ್ಕಳಿಗೂ ಆಸರೆಯಾಗಿತ್ತು ಎಂದು ಒಂದೇ ಮಾತಿನಲ್ಲಿ ಹೇಳುವವರು ಈ ಅಂಕಿಯ ಮುಂದೆ ನಿಂತು ಯೋಚಿಸಬೇಕು. ಕೆಲವು ಮಕ್ಕಳಿಗೆ ಭಯ ಇದ್ದದ್ದು ಮನೆಯಲ್ಲಿ, ಕೆಲವರಿಗೆ ಶಾಲೆಯಲ್ಲಿ.

ತೀರ ಎಳೆಯರ ಬಗ್ಗೆ ಐರ್ಲೆಂಡಿನಿಂದ ಬಂದ ಒಂದು ಅಧ್ಯಯನ ಮನಸ್ಸಿನಲ್ಲಿ ಉಳಿಯುವಂಥದು. 2020ರ ಮಾರ್ಚ್‌ನಿಂದ ಮೇ ನಡುವೆ ಹುಟ್ಟಿದ ಕೂಸುಗಳನ್ನು ಡಬ್ಲಿನ್‌ನ ವೈದ್ಯರು ಒಂದು ವರ್ಷ ತುಂಬಿದಾಗ ಗಮನಿಸಿದರು. ಸ್ಪಷ್ಟವಾಗಿ ಒಂದು ಮಾತು ಆಡುವವರು ಹಿಂದಿನ ಮಕ್ಕಳಲ್ಲಿ ಶೇ 89 ಇದ್ದರೆ ಇವರಲ್ಲಿ ಶೇ 77. ಬೆರಳು ತೋರಿಸುವುದು, ಟಾಟಾ ಮಾಡುವುದು ಕಡಿಮೆ. ಅಂಬೆಗಾಲಿಡುವುದು ಮಾತ್ರ ಜಾಸ್ತಿ. ಮನೆಯ ನೆಲದ ಮೇಲೇ ದಿನವಿಡೀ ಇದ್ದ ಕೂಸು ಅಂಬೆಗಾಲಿಟ್ಟಿತು. ಬಂದು ಹೋಗುವ ನೆಂಟರಿಲ್ಲದ್ದರಿಂದ ಯಾರಿಗೆ ಟಾಟಾ ಮಾಡೀತು? ಆ ಕೂಸುಗಳಿಗೆ ಆದದ್ದು ಕಾಯಿಲೆಯಲ್ಲ. ಮಗು ಬೆಳೆಯುವುದು ಜನರ ನಡುವೆ ಎಂಬುದಕ್ಕೆ ಇಷ್ಟು ಕಣ್ಣಿಗೆ ಕಟ್ಟುವ ಸಾಕ್ಷಿ ಇನ್ನೊಂದು ಸಿಗುವುದು ಕಷ್ಟ.

ಭಾರತದ ಕಥೆ ಇಲ್ಲಿಂದ ಬೇರೆ ದಾರಿ ಹಿಡಿಯುತ್ತದೆ. ಸ್ಪೇನಿನಲ್ಲಿ ಮಕ್ಕಳು ಆರು ವಾರ ಹೊಸ್ತಿಲು ದಾಟಲಿಲ್ಲ. 2020ರ ಏಪ್ರಿಲ್ 26ರಂದು ದಿನಕ್ಕೊಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಓಡಾಡಲು ಬಿಟ್ಟಾಗ ಅದು ದೇಶದ ದೊಡ್ಡ ಸುದ್ದಿಯಾಯಿತು. ಇಲ್ಲಿ ಹಳ್ಳಿಗಳ ಮಕ್ಕಳು ಕೆಲವೇ ವಾರಗಳಲ್ಲಿ ಹೊರಗೆ ಬಂದರು. ಹೊಲ, ಕೆರೆ, ದನಕರು ಅವರಿಗಿದ್ದವು. ಅವರಿಂದ ದೂರವಾದದ್ದು ಶಾಲೆ, ಅದೂ ಪ್ರಪಂಚದ ಹೆಚ್ಚಿನ ದೇಶಗಳಿಗಿಂತ ದೀರ್ಘಕಾಲ. ಯುನಿಸೆಫ್ ಲೆಕ್ಕದಲ್ಲಿ ಭಾರತದಲ್ಲಿ ಮುಚ್ಚಿದ ಶಾಲೆಗಳು 15 ಲಕ್ಷ, ಅದರಿಂದ ಬಾಧಿತರಾದ ಮಕ್ಕಳು 24.7 ಕೋಟಿ. ಶಾಲೆ ಎಂದರೆ ಪಾಠವಷ್ಟೇ ಆಗಿದ್ದರೆ ಟಿವಿಯಲ್ಲಿ ಪಾಠ ಬಂತು, ಚಂದನ ವಾಹಿನಿಯಲ್ಲಿ ಬಂತು. ಶಾಲೆ ಎಂದರೆ ಮಧ್ಯಾಹ್ನದ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಗೆಳತಿಯ ಜೊತೆ ಹೇಳಿಕೊಳ್ಳಲು ಸಿಗುವ ಹತ್ತು ನಿಮಿಷ. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯವರಲ್ಲದ ಒಬ್ಬ ದೊಡ್ಡವರು ದಿನವೂ ಮಗುವಿನ ಮುಖ ನೋಡುವ ಜಾಗ. ‘ಯಾಕೋ ಸಪ್ಪಗಿದ್ದೀಯ, ಊಟ ಮಾಡಿದೆಯಾ, ಕೈಗೆ ಏನಾಯ್ತು’ ಎಂದು ಕೇಳುವವರು ಇಲ್ಲದೆ ಹೋದರು.

ಆ ಕಣ್ಣು ಮುಚ್ಚಿದಾಗ ಏನಾಗುತ್ತದೆ ಎಂಬುದು ಮೊದಲ ವಾರಗಳಲ್ಲೇ ಗೊತ್ತಾಯಿತು. 2020ರ ಮಾರ್ಚ್ 20ರಿಂದ 31ರ ನಡುವೆ ಮಕ್ಕಳ ಸಹಾಯವಾಣಿ 1098ಕ್ಕೆ ದೇಶದಾದ್ಯಂತ 3.07 ಲಕ್ಷ ಕರೆಗಳು ಬಂದವು. ಅವುಗಳಲ್ಲಿ 92,105 ಕರೆಗಳು ಹಿಂಸೆ, ದೌರ್ಜನ್ಯದಿಂದ ರಕ್ಷಣೆ ಕೋರಿದವು ಎಂದು ಚೈಲ್ಡ್‌ಲೈನ್ ತಿಳಿಸಿತು. ಕರೆ ಮಾಡಲು ಫೋನು ಬೇಕು, ಮನೆಯವರ ಕಿವಿಗೆ ಬೀಳದ ಒಂದು ಮೂಲೆಯೂ ಬೇಕು. ಒಂದೇ ಕೋಣೆಯ ಮನೆಯಲ್ಲಿ ಎರಡೂ ಇರದ ಮಕ್ಕಳು ಯಾವ ಲೆಕ್ಕಕ್ಕೂ ಸಿಕ್ಕಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಕರ್ನಾಟಕಕ್ಕೆ ಇನ್ನೊಂದು ನೋವಿನ ದಾಖಲೆ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ 2019ರಲ್ಲಿ ದೇಶದಲ್ಲಿ 523 ಪ್ರಕರಣ ದಾಖಲಾಗಿದ್ದರೆ 2020ರಲ್ಲಿ 785. ರಾಜ್ಯಗಳಲ್ಲಿ ಮೊದಲ ಸ್ಥಾನ ಕರ್ನಾಟಕದ್ದು, 184. ದೂರು ದಾಖಲಿಸುವ ವ್ಯವಸ್ಥೆ ಚುರುಕಾಗಿರುವ ಕಡೆ ಸಂಖ್ಯೆ ಹೆಚ್ಚು ಕಾಣುತ್ತದೆ ಎಂಬುದೂ ನಿಜ. ಆದರೆ ದಾರಿ ಎಲ್ಲರಿಗೂ ಗೊತ್ತಿತ್ತು. ಕೂಲಿ ನಿಂತಿದೆ, ಶಾಲೆ ಇಲ್ಲ, ಬೆಳೆದ ಹುಡುಗಿ ಮನೆಯಲ್ಲಿದ್ದಾಳೆ, ಐವತ್ತು ಜನರಲ್ಲಿ ಮದುವೆ ಮುಗಿಸಿದರೆ ಖರ್ಚೂ ಕಡಿಮೆ. ಒಂಬತ್ತನೇ ತರಗತಿಯ ಹುಡುಗಿ ಹಾಜರಿ ಪುಸ್ತಕದಲ್ಲಿ ಸತತ ಗೈರುಹಾಜರಾದರೆ ಕೇಳುವ ಹೆಡ್‌ಮಾಸ್ತರರು ಆ ವರ್ಷ ಹಾಜರಿಯನ್ನೇ ಕೂಗಿರಲಿಲ್ಲ.

ಶಾಲೆಯ ಬದಲು ಬಂದದ್ದು ಫೋನು. ಎಳೆಯ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಎಂದು ಕರ್ನಾಟಕ ಸರ್ಕಾರ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರನ್ನೂ ಕೇಳಿ 2020ರ ಜೂನ್‌ನಲ್ಲಿ ತಡೆ ಹಾಕಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆಯಾಜ್ಞೆ ಕೊಟ್ಟಿತು. ಕಲಿಯುವ ಹಕ್ಕಿಗೆ ಹೀಗೆ ಅಡ್ಡ ಹಾಕಲಾಗದು ಎಂಬುದು ಅದರ ನಿಲುವು. ಎರಡೂ ಕಡೆ ಕಾಳಜಿ ಇತ್ತು. ವಾದ ಮಾತ್ರ ಫೋನು ಇದ್ದವರ ಮನೆಯ ಸುತ್ತಲೇ ಸುತ್ತಿತು. ಅರ್ಥಶಾಸ್ತ್ರಜ್ಞ ಜೀನ್ ಡ್ರೆಜ್ ಮತ್ತು ಸಂಗಡಿಗರು 2021ರ ಆಗಸ್ಟ್‌ನಲ್ಲಿ ಹದಿನೈದು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಮಕ್ಕಳ ಮನೆಗಳಿಗೆ ಹೋಗಿ ನೋಡಿದರೆ, ಆನ್‌ಲೈನ್‌ನಲ್ಲಿ ನಿಯಮಿತವಾಗಿ ಓದುತ್ತಿದ್ದವರು ಹಳ್ಳಿಗಳಲ್ಲಿ ಶೇ 8, ಪಟ್ಟಣಗಳಲ್ಲಿ ಶೇ 24. ಹಳ್ಳಿಯ ಶೇ 37 ಮಕ್ಕಳು ಏನನ್ನೂ ಓದುತ್ತಿರಲಿಲ್ಲ. ಹಳ್ಳಿಗಳ ಹೆತ್ತವರಲ್ಲಿ ಶೇ 97 ಮಂದಿ ಬೇಗ ಶಾಲೆ ತೆರೆಯಿರಿ ಎಂದಿದ್ದರು.

ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 2021ರ ಜೂನ್‌ನಲ್ಲಿ ತೆಗೆದ ಫೋಟೊ ಒಂದು ಆಗ ಎಲ್ಲೆಡೆ ಹರಿದಾಡಿತ್ತು. ಸುರಿಯುವ ಮಳೆ. ರಸ್ತೆಯ ಬದಿಯಲ್ಲಿ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಕೂತಿದ್ದಾಳೆ. ಪಕ್ಕದಲ್ಲಿ ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಆ ಜಾಗದಲ್ಲಿ ಮಾತ್ರ. ಅಪ್ಪನ ಪ್ರೀತಿಯ ಚಿತ್ರವೆಂದು ಜನ ಅದನ್ನು ಹಂಚಿಕೊಂಡರು, ಪ್ರೀತಿಯ ಚಿತ್ರವೇ ಅದು. ಮನೋವೈದ್ಯರು ಹೇಳುವ ‘ರಕ್ಷಕ ಅಂಶ’ ಎಂಬುದು ಅಲ್ಲಿ ಕೊಡೆ ಹಿಡಿದು ನಿಂತಿತ್ತು. ಕೊಡೆ ಹಿಡಿಯಲು ಮನೆಯಲ್ಲಿ ಪುರುಸೊತ್ತಿರುವ ಯಾರೂ ಇಲ್ಲದ, ಇದ್ದ ಒಂದು ಫೋನನ್ನು ಅಣ್ಣನಿಗೆ ಬಿಟ್ಟುಕೊಟ್ಟ, ರೀಚಾರ್ಜ್ ಮುಗಿದ ದಿನದಿಂದ ತರಗತಿಯ ಗುಂಪಿನಿಂದ ಸದ್ದಿಲ್ಲದೆ ಕಳಚಿಕೊಂಡ ಮಕ್ಕಳು ಯಾವ ಫೋಟೊದಲ್ಲೂ ಬರಲಿಲ್ಲ. ಎಲ್ಲರೂ ಮುಂದೆ ಹೋದರು, ತಾನೊಬ್ಬ ಉಳಿದೆ ಎಂಬ ಭಾವನೆ ಹನ್ನೆರಡು ವರ್ಷದವನಿಗೆ ಅವಮಾನವಾಗಿ ಕಾಣುತ್ತದೆ. ಅವಮಾನವನ್ನು ಮಕ್ಕಳು ಹೇಳಿಕೊಳ್ಳುವುದಿಲ್ಲ. ಸಿಡಿಮಿಡಿಗೊಳ್ಳುತ್ತಾರೆ, ಊಟ ಬಿಡುತ್ತಾರೆ, ಹೊಟ್ಟೆನೋವು ಎನ್ನುತ್ತಾರೆ. ಚಿಕ್ಕವರಾದರೆ ಎಂದೋ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸಕ್ಕೆ ಮರಳುತ್ತಾರೆ.

ಕತ್ತಲೆಯಲ್ಲಿ ಒಂದು ಕಿಟಕಿ ತೆರೆದದ್ದು ವಿದ್ಯಾಗಮ. 2020ರ ಆಗಸ್ಟ್‌ನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ತಾವೇ ಮಕ್ಕಳಿದ್ದಲ್ಲಿಗೆ ಹೊರಟರು. ಗುಡಿಯ ಪೌಳಿ, ಸಮುದಾಯ ಭವನ, ಮನೆಯ ಜಗಲಿ, ಅರಳಿಕಟ್ಟೆ ಎಲ್ಲವೂ ತರಗತಿಯಾದವು. ಜನ ಅದನ್ನು ವಠಾರ ಶಾಲೆ ಎಂದರು. ಆ ಕಟ್ಟೆಯ ಮೇಲೆ ಎಷ್ಟು ಗಣಿತ ನಡೆಯಿತು ಎಂಬುದಕ್ಕಿಂತ ದೊಡ್ಡ ಕೆಲಸ ಬೇರೆ ನಡೆಯಿತು: ಟೀಚರ್ ಬಂದರು, ಹೆಸರು ಹಿಡಿದು ಕರೆದರು, ಯಾರು ಬಂದಿಲ್ಲ ಎಂದು ಎಣಿಸಿದರು, ಬಾರದವರ ಮನೆಗೆ ಹೋದರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದಾಗ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಶಿಕ್ಷಕರು ಜೀವ ಪಣಕ್ಕಿಟ್ಟಿದ್ದರು. ನಿಲ್ಲಿಸಿದ್ದನ್ನು ಸುಲಭವಾಗಿ ತಪ್ಪೆನ್ನಲಾಗದು. ಆದರೂ ಒಂದು ಕಾಲಾನುಕ್ರಮ ಕಣ್ಣ ಮುಂದಿದೆ. ಮದ್ಯದಂಗಡಿಗಳು ತೆರೆದದ್ದು 2020ರ ಮೇ 4ಕ್ಕೆ, ಮಾಲ್‌ಗಳು ಜೂನ್ 8ಕ್ಕೆ, ಸಿನಿಮಾ ಮಂದಿರಗಳು ಅಕ್ಟೋಬರ್ 15ರ ನಂತರ. ಒಂದನೇ ತರಗತಿ ತೆರೆದದ್ದು ಮರುವರ್ಷದ ಅಕ್ಟೋಬರ್ ಕೊನೆಗೆ. ಮೊದಲ ತಿಂಗಳುಗಳಲ್ಲಿ ಶಾಲೆ ಮುಚ್ಚಿದ್ದು ಸರಿ, ರೋಗದ ಸ್ವಭಾವವೇ ತಿಳಿದಿರಲಿಲ್ಲ. ತೆರೆಯುವ ಸರತಿಯಲ್ಲಿ ಮಕ್ಕಳನ್ನು ಕೊನೆಗೆ ನಿಲ್ಲಿಸಿದ್ದು ಸರಿಯಲ್ಲ. 2021ರ ಜೂನ್‌ನಲ್ಲಿ ಡಾ. ದೇವಿ ಶೆಟ್ಟಿ ಅಧ್ಯಕ್ಷತೆಯ ತಜ್ಞರ ಸಮಿತಿಯೇ ಶಾಲೆ ತೆರೆಯಿರಿ ಎಂದು ಶಿಫಾರಸು ಮಾಡಿ, ಇಲ್ಲವಾದರೆ ಅಪೌಷ್ಟಿಕತೆ, ಬಾಲಕಾರ್ಮಿಕತೆ, ಬಾಲ್ಯವಿವಾಹ ಹೆಚ್ಚುತ್ತವೆ ಎಂದು ಎಚ್ಚರಿಸಿತ್ತು.

ದೊಡ್ಡ ಮಕ್ಕಳ ಆತಂಕಕ್ಕೆ ಪರೀಕ್ಷೆಯೇ ಹೆಸರು. 2020ರ ಜೂನ್ 25ರಿಂದ ಜುಲೈ 4ರವರೆಗೆ, ಸುತ್ತಲೂ ಸೋಂಕು ಏರುತ್ತಿದ್ದಾಗ, ರಾಜ್ಯದ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿ ಎಸ್ಸೆಸ್ಸೆಲ್ಸಿ ಬರೆದರು. ಮರುವರ್ಷ ಪರೀಕ್ಷೆ ಉಂಟೋ ಇಲ್ಲವೋ ಎಂಬ ಗೊಂದಲ ತಿಂಗಳುಗಟ್ಟಲೆ ಎಳೆದು, ಕೊನೆಗೆ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಮುಗಿಯಿತು. ಕಷ್ಟದ ಪರೀಕ್ಷೆಯನ್ನು ಮಕ್ಕಳು ತಡೆದುಕೊಳ್ಳುತ್ತಾರೆ. ತಾರೀಖು ಗೊತ್ತಿಲ್ಲದ ಪರೀಕ್ಷೆ ನಿದ್ದೆ ಕೆಡಿಸುತ್ತದೆ. ಆ ಭಯ ಕೋವಿಡ್ ಜೊತೆಗೆ ಹೋಗಲೂ ಇಲ್ಲ. 2022ರ ಜನವರಿಯಿಂದ ಮಾರ್ಚ್‌ವರೆಗೆ ಎನ್‌ಸಿಇಆರ್‌ಟಿ ಆರರಿಂದ ಹನ್ನೆರಡನೇ ತರಗತಿಯ 3,79,842 ವಿದ್ಯಾರ್ಥಿಗಳನ್ನು ಕೇಳಿದಾಗ ಶೇ 81 ಮಂದಿ ಓದು, ಪರೀಕ್ಷೆ, ಫಲಿತಾಂಶಗಳೇ ಆತಂಕದ ಕಾರಣ ಎಂದರು.

ಹೇಳಲೇಬೇಕಾದ ಇನ್ನೊಂದು ಅಂಕಿ ಇದೆ. 2019ರಲ್ಲಿ ದೇಶದಲ್ಲಿ ಹದಿನೆಂಟು ತುಂಬದ 9,613 ಮಕ್ಕಳು ಆತ್ಮಹತ್ಯೆಯಿಂದ ಸತ್ತಿದ್ದರು. 2020ರಲ್ಲಿ 11,396. ಕಾರಣಗಳ ಪಟ್ಟಿಯಲ್ಲಿ ಮೊದಲು ಇದ್ದದ್ದು ಕುಟುಂಬದ ಸಮಸ್ಯೆ. ಪೊಲೀಸ್ ದಾಖಲೆಯ ಈ ಎರಡು ಪದಗಳೊಳಗೆ ಸಾಲ, ಕುಡಿತ, ಕೆಲಸ ಕಳೆದುಕೊಂಡ ಅಪ್ಪ, ಹಗಲೂ ರಾತ್ರಿ ಒಂದೇ ಗೋಡೆಯೊಳಗಿನ ಜಗಳ ಎಲ್ಲವೂ ಅಡಗಿರಬಹುದು. ಲಾಕ್‌ಡೌನ್ ಒಂದೇ ಕಾರಣ ಎಂದು ಯಾವ ಸಂಶೋಧಕರೂ ಹೇಳುವುದಿಲ್ಲ. ಹೆತ್ತವರ ಆತಂಕ ಮಕ್ಕಳಿಗೆ ಇಳಿಯುತ್ತದೆ ಎಂಬುದನ್ನು ಮಾತ್ರ ಅಧ್ಯಯನದ ಮೇಲೆ ಅಧ್ಯಯನ ಹೇಳಿದೆ.

ಎರಡನೇ ಅಲೆ ಬಂದಾಗ ಪ್ರಶ್ನೆಯ ತೂಕವೇ ಬದಲಾಯಿತು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಚಿತಾಗಾರಗಳು ಸಾಲದೆ ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ದಹನ ನಡೆಯಿತು. ಆಂಬುಲೆನ್ಸ್ ಹತ್ತಿದ ಅಪ್ಪ ವಾಪಸು ಬರಲಿಲ್ಲ. ಮುಖವನ್ನೂ ನೋಡಲು ಬಿಡಲಿಲ್ಲ. ಹನ್ನೊಂದನೆಯ ದಿನಕ್ಕೆ ನೆಂಟರೂ ಬರಲಿಲ್ಲ. ಮನೆ ತುಂಬ ಜನ ಸೇರಿ ಅಳುವುದು, ಸತ್ತವರ ಮಾತು ಎತ್ತಿ ಎತ್ತಿ ಆಡುವುದು, ಅಜ್ಜಿ ಮಡಿಲಲ್ಲಿ ಕೂರಿಸಿಕೊಳ್ಳುವುದು, ಸಾವನ್ನು ಮಗುವಿಗೆ ಅರ್ಥ ಮಾಡಿಸುವ ದಾರಿಗಳು ಇವೇ. ಅವೆಲ್ಲ ಒಮ್ಮೆಗೇ ಮುಚ್ಚಿದವು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದಂತೆ 2020ರ ಏಪ್ರಿಲ್‌ನಿಂದ 2022ರ ಜನವರಿ 11ರವರೆಗೆ, ಕೋವಿಡ್ ಮತ್ತು ಇತರ ಕಾರಣಗಳೂ ಸೇರಿ, ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು 10,094. ಒಬ್ಬರನ್ನು ಕಳೆದುಕೊಂಡವರು 1,36,910. ಕರ್ನಾಟಕ ಸರ್ಕಾರ ಬಾಲಸೇವಾ ಯೋಜನೆಯಡಿ ಕೋವಿಡ್‌ನಿಂದ ಅನಾಥರಾದವರಿಗೆ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಹಣ ಬೇಕಿತ್ತು, ಬಂತು. ಅಪ್ಪನ ಹೆಸರು ಬಂದಾಗೆಲ್ಲ ಎದ್ದು ಹೋಗುವ ಹುಡುಗನ ಪಕ್ಕದಲ್ಲಿ ವರ್ಷಗಟ್ಟಲೆ ಕೂರುವವರಿಗೆ ಯಾವ ಯೋಜನೆಯಲ್ಲೂ ಸಾಲು ಮೀಸಲಿರಲಿಲ್ಲ.

ವಿಶೇಷ ಅಗತ್ಯದ ಮಕ್ಕಳ ಮನೆಗಳು ಇನ್ನೂ ಮೌನವಾಗಿ ನೊಂದವು. ಆಟಿಸಂ ಇರುವ ಮಗುವಿಗೆ ದಿನಚರಿಯೇ ಆಧಾರ. ಒಂದೇ ಹೊತ್ತು, ಒಂದೇ ದಾರಿ, ಒಂದೇ ಟೀಚರ್. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ತರಬೇತಿಗೆಂದು ದೂರದ ಊರುಗಳಿಂದ ಬರುತ್ತಿದ್ದ ತಾಯಂದಿರಿಗೆ ಲಾಕ್‌ಡೌನಿನಲ್ಲಿ ಬಸ್ಸೇ ಇರಲಿಲ್ಲ.

ಇಷ್ಟಕ್ಕೆಲ್ಲ ಆಸರೆಯಾಗಬೇಕಾದ ವ್ಯವಸ್ಥೆ ಹೇಗಿತ್ತು? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಇಂದು ದೇಶವೆಲ್ಲ ಕರೆಯುವುದು ಹುಟ್ಟಿದ್ದೇ ಬಳ್ಳಾರಿಯಲ್ಲಿ, 1980ರ ದಶಕದ ನಿಮ್ಹಾನ್ಸ್ ಪ್ರಯೋಗದಿಂದ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಹೋಗುವ ಮನೋಚೈತನ್ಯ ಕಾರ್ಯಕ್ರಮವೂ ಕರ್ನಾಟಕದ್ದೇ. ದೊಡ್ಡವರಿಗಾಗಿ ಕಟ್ಟಿದ ಈ ಅಡಿಪಾಯ ಮಕ್ಕಳ ಹತ್ತಿರಕ್ಕೆ ಬಂದದ್ದು ಕಡಿಮೆ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹದಿಮೂರರಿಂದ ಹದಿನೇಳು ವರ್ಷದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದು ಕಂಡುಕೊಂಡಿತ್ತು. ಹದಿಮೂರರ ಕೆಳಗಿನವರನ್ನು ಆ ಸಮೀಕ್ಷೆ ಅಳೆದಿರದಿದ್ದಾಗ, ಅಕ್ಟೋಬರ್‌ನಲ್ಲಿ ಸೆರಗು ಹಿಡಿದು ಅತ್ತ ಮಗುವನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಕೇಳಿಕೊಳ್ಳುವ ಅಭ್ಯಾಸವೂ ನಮ್ಮಲ್ಲಿ ಕಡಿಮೆ. ಯುನಿಸೆಫ್ 2021ರಲ್ಲಿ 21 ದೇಶಗಳಲ್ಲಿ ಕೇಳಿದಾಗ, ಮನಸ್ಸಿನ ತೊಂದರೆಗೆ ಬೇರೆಯವರ ಸಹಾಯ ಪಡೆಯುವುದು ಒಳ್ಳೆಯದು ಎಂದ ಹದಿನೈದರಿಂದ ಇಪ್ಪತ್ತನಾಲ್ಕು ವರ್ಷದವರ ಸರಾಸರಿ ಪ್ರಮಾಣ ಶೇ 83. ಭಾರತದಲ್ಲಿ ಶೇ 41.

ಬಳಿಕ ಕೆಲವು ಬಾಗಿಲು ತೆರೆದಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸೇ ಮಾರ್ಗದರ್ಶಿ. 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಶಾಲೆಗಳ ಮಟ್ಟಿಗೆ ನಡೆದ ಒಳ್ಳೆಯ ಕೆಲಸ ಒಂದನ್ನು ಹೇಳಬೇಕು. 2022ರಲ್ಲಿ ರಾಜ್ಯ ಸರ್ಕಾರ ಆ ಶೈಕ್ಷಣಿಕ ವರ್ಷವನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ಕರೆದು, ರಜೆಯಲ್ಲಿ ಎರಡು ವಾರ ಕಡಿತ ಮಾಡಿ ಮೇ 16ಕ್ಕೇ ಶಾಲೆ ಶುರು ಮಾಡಿತು. ಆ ಎರಡು ವಾರ ಪಾಠಪುಸ್ತಕವಿಲ್ಲ. ‘ಮಳೆಬಿಲ್ಲು’ ಎಂಬ ಹೆಸರಿನಲ್ಲಿ ಆಟ, ಹಾಡು, ಕಥೆ, ಚಿತ್ರ. ಮಕ್ಕಳು ಮೊದಲು ಒಬ್ಬರನ್ನೊಬ್ಬರು ನೋಡಲಿ, ಅಕ್ಷರ ಆಮೇಲೆ ಬರಲಿ ಎಂದು ಯಾರೋ ಯೋಚಿಸಿದ್ದರು. ಎರಡು ವಾರ ಮುಗಿದ ಮೇಲೆ ಕಲಿಕಾ ಹಾಳೆಗಳು ಬಂದವು.

2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿಸಿದ್ದ ಆ ಮಕ್ಕಳು ಎಲ್ಲೂ ನಿಲ್ಲದೆ ಓದುತ್ತಾ ಹೋದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವುದು 2030ರಲ್ಲಿ. ಅಲ್ಲಿಯತನಕ ವರ್ಷಕ್ಕೊಮ್ಮೆ ಅವರ ಅಂಕಪಟ್ಟಿ ಬರುತ್ತದೆ. ಅವರ ನಿದ್ದೆ, ಭಯ, ಗೆಳೆತನಗಳನ್ನು ವರ್ಷಕ್ಕೊಮ್ಮೆ ಕೇಳಿ ಬರೆದಿಡಲು ಒಂದು ಹಾಳೆ ಮಾಡುವುದಕ್ಕೆ ಇನ್ನೂ ಸಮಯವಿದೆ.